ಹಾಗಲಕಾಯಿಯ ಮೈಯಲ್ಲೊಂದು ನುಣುಪು

"ಶೀ ಚೀ," ಎನ್ನುತ್ತದೆ ಯಂತ್ರದೊಳಗಿನ ಹೆಣ್ಣು ದನಿ. ಉಸಿರು ಎಳೆದುಕೊಳ್ಳಿ. ಒಂದು ಕ್ಷಣ ಬಿಟ್ಟು, "ಬಿಯೇ ಚೀ." ಹಿಡಿದುಕೊಳ್ಳಿ.

ನೀವು ಸೀಸ ಬೆರೆಸಿದ ದಪ್ಪ ಗಾಜಿನ ಈಚೆ ನಿಂತಿದ್ದೀರಿ. ಗಾಜಿನಾಚೆ ಆಳೆತ್ತರದ ಬಿಳಿ ಬಳೆಯೊಂದು ನೆಟ್ಟಗೆ ನಿಂತಿದೆ. ಅದರೊಳಕ್ಕೆ ಕಿರಿದಾದ ಮೇಜೊಂದು ಮೆಲ್ಲಗೆ ಜಾರುತ್ತಿದೆ. ಮೇಜಿನ ಮೇಲೆ ಅರವತ್ತು ದಾಟಿದ ಹೆಂಗಸೊಬ್ಬರು ಅಂಗಾತ ಮಲಗಿದ್ದಾರೆ, ಎರಡೂ ತೋಳು ತಲೆಯ ಹಿಂದಕ್ಕೆ ಚಾಚಿಕೊಂಡು. ಒಂದು ಕಾಲುಚೀಲದ ಹಿಮ್ಮಡಿ ಸವೆದು, ಬೇರೆ ಬಣ್ಣದ ದಾರದಲ್ಲಿ ಹೊಲಿಗೆ ಬಿದ್ದಿದೆ. ಬಳೆಯ ಹೊಟ್ಟೆಯಲ್ಲಿ ಏನೋ ಗಿರ್ರನೆ ತಿರುಗುವ ಸದ್ದು ಏರುತ್ತದೆ, ಇಳಿಯುತ್ತದೆ. ಎಣಿಸಿದರೆ ಹತ್ತು ಸೆಕೆಂಡು. ಉಸಿರಾಡಿ ಎಂದು ದನಿ ಹೇಳುವಷ್ಟರಲ್ಲಿ ಮೇಜು ಹೊರಗೆ ಬಂದಾಗಿದೆ.

ಊರು ನಿಂಗ್ಬೋ. ಚೀನಾದ ಪೂರ್ವ ಕರಾವಳಿಯ ಝೆಜಿಯಾಂಗ್ ಪ್ರಾಂತ್ಯದ ಬಂದರು ಪಟ್ಟಣ. ಪಕ್ಕದ ಝೌಶಾನ್ ದ್ವೀಪಗಳನ್ನೂ ಸೇರಿಸಿದರೆ ಸರಕಿನ ತೂಕದಲ್ಲಿ ಲೋಕದ ಅತಿ ದೊಡ್ಡ ಬಂದರು ಇದೇ. ಆಸ್ಪತ್ರೆ, ನಿಂಗ್ಬೋ ವಿಶ್ವವಿದ್ಯಾಲಯಕ್ಕೆ ಸೇರಿದ ಪೀಪಲ್ಸ್ ಹಾಸ್ಪಿಟಲ್. ಈ ಹೆಂಗಸು ಮಾತ್ರ ನಾನು ಕಲ್ಪಿಸಿಕೊಂಡ ವ್ಯಕ್ತಿ. ಯಾರದೋ ಮನೆಯ ಕಷ್ಟವನ್ನು ಹೆಸರು ಹಿಡಿದು ಬೀದಿಗೆ ತರಲು ನನಗೆ ಮನಸ್ಸಿಲ್ಲ. ಆದರೆ ಹೊಟ್ಟೆ ಉಬ್ಬರವೆಂದೋ ವಾಕರಿಕೆಯೆಂದೋ ಬಂದು, ಸಿ.ಟಿ. ಮಾಡಿಸಿ ಮನೆಗೆ ಹೋಗಿ, ಆಮೇಲೆ ಕರೆ ಬಂದವರು ಈ ಆಸ್ಪತ್ರೆಯಲ್ಲಿ ನಿಜವಾಗಿಯೂ ಇದ್ದಾರೆ. ಅವರೆಲ್ಲ ನಡೆದ ದಾರಿಯಲ್ಲಿ ಈಕೆಯ ಜೊತೆ ನಾಲ್ಕು ಹೆಜ್ಜೆ ಹಾಕೋಣ.

ತಂತ್ರಜ್ಞ ಹುಡುಗ ಒಳಗೆ ಹೋಗಿ ಅವರ ಬೆನ್ನಿಗೆ ಕೈಕೊಟ್ಟು ಎಬ್ಬಿಸುತ್ತಾನೆ. "ಆಯೀ, ನಿಧಾನ," ಎನ್ನುತ್ತಾನೆ. ಚೀನೀ ಭಾಷೆಯಲ್ಲಿ ಅಮ್ಮನ ವಯಸ್ಸಿನ ಯಾವ ಹೆಂಗಸನ್ನಾದರೂ ಕರೆಯುವ ಪದ ಅದು. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಅಜ್ಜಿಯನ್ನು ಆಯಿ ಎಂದೇ ಕರೆಯುತ್ತಾರೆ. ಎರಡಕ್ಕೂ ಯಾವ ನಂಟೂ ಇಲ್ಲ, ದನಿ ಮಾತ್ರ ಒಂದೇ. ಆದರೂ ಕಿವಿಗೆ ಬಿದ್ದೊಡನೆ ಈ ಅಪರಿಚಿತೆ ಒಂದಿಷ್ಟು ನಮ್ಮವರಾಗಿಬಿಡುತ್ತಾರೆ. ನಾವೂ ಆಯಿ ಎಂದೇ ಕರೆಯೋಣ.

ಆಯಿಗೆ ಎರಡು ತಿಂಗಳಿಂದ ಹೊಟ್ಟೆ ಉಬ್ಬರ. ನಾಲ್ಕು ತುತ್ತು ತಿಂದರೆ ಸಾಕೆನಿಸುತ್ತದೆ. ನಮ್ಮ ಕಡೆಯಾಗಿದ್ದರೆ ಗ್ಯಾಸ್ಟ್ರಿಕ್ ಎಂದು ಹೆಸರಿಟ್ಟು, ಓಮದ ಕಷಾಯವಾಗಿ, ಇಂಗಿನ ಮಜ್ಜಿಗೆಯಾಗಿ, ಮೆಡಿಕಲ್ ಶಾಪಿನವನು ಕೊಟ್ಟ ಗುಳಿಗೆಯೂ ಮುಗಿದಿರುತ್ತಿತ್ತು. ಅಲ್ಲೂ ಹೆಚ್ಚುಕಡಿಮೆ ಹಾಗೇ. ಕೊನೆಗೆ ಮಗಳು ಹಟ ಹಿಡಿದು ಕರೆತಂದಳು. ಹೊಟ್ಟೆಯ ವೈದ್ಯರು ಕೈಯಿಟ್ಟು ನೋಡಿ, ಯಾವುದಕ್ಕೂ ಒಂದು ಸಿ.ಟಿ. ಆಗಲಿ ಎಂದು ಬರೆದುಕೊಟ್ಟರು. ಬರೆದದ್ದು ಪ್ಲೇನ್ ಸಿ.ಟಿ. ಆಯಿಯ ತೋಳಿಗೆ ಯಾರೂ ಸೂಜಿ ಚುಚ್ಚಲಿಲ್ಲ, ರಕ್ತನಾಳಕ್ಕೆ ಬಣ್ಣ ಹಾಯಿಸಲಿಲ್ಲ. ಈ ಸಂಗತಿಯನ್ನು ನೆನಪಿಡಿ, ಕಥೆಯೆಲ್ಲ ನಿಂತಿರುವುದು ಇದರ ಮೇಲೆ.

ಈಗ ಪಕ್ಕದ ಕೋಣೆಗೆ ಬನ್ನಿ. ದೀಪ ಮಂಕಾಗಿದೆ, ಪರದೆಗಳಷ್ಟೇ ಬೆಳಗುತ್ತಿವೆ. ಇಲ್ಲಿ ಕೂತು ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್ ಮುಂದೆ ದಿನವಿಡೀ ಮುಗಿಯದ ಸಾಲು. ಅವರ ಪಕ್ಕದ ಕುರ್ಚಿ ಎಳೆದುಕೊಂಡು ಕೂರಿ. ಆಯಿಯ ಚಿತ್ರ ಬಂದಿದೆ. ಮೌಸಿನ ಚಕ್ರವನ್ನು ಬೆರಳ ತುದಿಯಿಂದ ಮೆಲ್ಲಗೆ ಉರುಳಿಸಿ.

ದೇಹವನ್ನು ಅಡ್ಡಡ್ಡ ಹೋಳು ಮಾಡಿ ಪೇರಿಸಿಟ್ಟಂತೆ ಒಂದರ ಕೆಳಗೊಂದು ಚಿತ್ರ ಬಿಚ್ಚಿಕೊಳ್ಳುತ್ತದೆ. ನೀವು ರೋಗಿಯ ಪಾದದ ಕಡೆ ನಿಂತು ಮೇಲಕ್ಕೆ ನೋಡುತ್ತಿದ್ದೀರಿ ಎಂದುಕೊಳ್ಳಿ. ಅದಕ್ಕೇ ಅವರ ಬಲಭಾಗ ಪರದೆಯ ಎಡಕ್ಕಿದೆ. ಮೊದಲು ಯಕೃತ್ತಿನ ಗುಮ್ಮಟ. ಇನ್ನೂ ಕೆಳಗೆ ಜಠರ, ಅದರೊಳಗೆ ಕಪ್ಪಗೆ ಗಾಳಿಯ ಗುಳ್ಳೆ. ಆಚೆ ಅಂಚಿನಲ್ಲಿ ಗುಲ್ಮ. ನಡುವೆ ಬೆಳ್ಳಗೆ ಹೊಳೆಯುವ ಬೆನ್ನುಮೂಳೆ, ಅದರ ಮುಂದೆ ದುಂಡಗೆ ಮಹಾಪಧಮನಿ. ಇಲ್ಲಿ ನಿಲ್ಲಿಸಿ.

ಗುಲ್ಮದ ಮಗ್ಗುಲಿಂದ ಹೊರಟು, ಬೆನ್ನುಮೂಳೆಯ ಮುಂದೆ ಅಡ್ಡ ಹಾಯ್ದು, ಸಣ್ಣ ಕರುಳಿನ ಮೊದಲ ಬಾಗು ತೋಳಿನಂತೆ ಅಪ್ಪಿಕೊಂಡ ಜಾಗದಲ್ಲಿ ತಲೆಯಿಟ್ಟು ಮಲಗಿದೆ ಮೇದೋಜೀರಕ ಗ್ರಂಥಿ. ಸುಮಾರು 15 ಸೆಂಟಿಮೀಟರ್ ಉದ್ದ. ಒಂದು ಎಳೆಯ ಹಾಗಲಕಾಯಿಯಷ್ಟು. ಮೈಯೂ ಹಾಗಲಕಾಯಿಯದೇ, ಗಂಟುಗಂಟು. ವಯಸ್ಸಾದಂತೆ ಆ ಗಂಟುಗಳ ಸಂದಿಯಲ್ಲಿ ಕೊಬ್ಬು ತುಂಬಿ ಉಬ್ಬುತಗ್ಗು ಇನ್ನಷ್ಟು ಎದ್ದು ಕಾಣುತ್ತದೆ. ಊಟ ಕರಗಿಸುವ ರಸ, ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಎರಡೂ ಇಲ್ಲಿಂದಲೇ. ಇಷ್ಟು ಕೆಲಸ ಮಾಡುವ ಅಂಗ ಜಠರದ ಹಿಂದೆ, ದೇಹದ ಅಡಗುಮೂಲೆಯಲ್ಲಿದೆ. ಹೊಟ್ಟೆ ಒತ್ತಿದರೆ ಕೈಗೆ ಸಿಗುವುದಿಲ್ಲ. ಇದರಲ್ಲಿ ಗಂಟು ಹುಟ್ಟಿದರೆ ಬಹುಕಾಲ ನೋವೂ ಇರುವುದಿಲ್ಲ.

ಪರದೆಯ ಮೇಲೆ ನಿಮಗೇನು ಕಾಣುತ್ತಿದೆ? ಬೂದು. ಜಠರವೂ ಬೂದು, ಕರುಳೂ ಬೂದು, ಮೇದೋಜೀರಕವೂ ಬೂದು. ಈ ಬೂದಿಗೂ ಒಂದು ಅಳತೆಯಿದೆ. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಎಂಬ ಇಂಗ್ಲೆಂಡಿನ ಎಂಜಿನಿಯರ್ 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ ಬಡಾವಣೆಯ ಆಸ್ಪತ್ರೆಯಲ್ಲಿ ಮೊತ್ತಮೊದಲ ರೋಗಿಯ ತಲೆಯ ಸ್ಕ್ಯಾನ್ ತೆಗೆದರು. 1979ರಲ್ಲಿ ಅವರಿಗೆ ನೊಬೆಲ್ ಬಂತು. ಅಳತೆಗೆ ಅವರ ಹೆಸರೇ ಇದೆ. ನೀರಿಗೆ ಸೊನ್ನೆ, ಗಾಳಿ ಸೊನ್ನೆಗಿಂತ 1000 ಕೆಳಗೆ, ಗಟ್ಟಿ ಮೂಳೆ ನೂರಾರು ಮೇಲೆ. ಬಣ್ಣ ಹಾಯಿಸದ ಮೇದೋಜೀರಕ ನಲವತ್ತರ ಆಸುಪಾಸು. ಅದರೊಳಗೆ ಹುಟ್ಟಿದ ಕ್ಯಾನ್ಸರ್ ಗಂಟು? ಅದೂ ನಲವತ್ತರ ಆಸುಪಾಸೇ. ನಾಲ್ಕಾರು ಅಂಕಿಯ ವ್ಯತ್ಯಾಸವನ್ನು ಮನುಷ್ಯನ ಕಣ್ಣು ಹಿಡಿಯುವುದು ಕಷ್ಟ. ಪ್ಲೇನ್ ಸಿ.ಟಿ.ಯಲ್ಲಿ ಮೇದೋಜೀರಕದ ಕ್ಯಾನ್ಸರ್ ಹುಡುಕಬೇಡಿ, ಅದು ಸಿಗುವುದಿಲ್ಲ ಎಂದೇ ರೇಡಿಯಾಲಜಿ ಕಲಿಯುವವರಿಗೆ ಹೇಳಿಕೊಡುತ್ತಾ ಬಂದಿದ್ದಾರೆ.

ರೇಡಿಯಾಲಜಿಸ್ಟ್ ಅವಸರ ಮಾಡುವುದಿಲ್ಲ. ಯಕೃತ್ತಿನಲ್ಲಿ ಸ್ವಲ್ಪ ಕೊಬ್ಬು, ಬಲ ಮೂತ್ರಪಿಂಡದಲ್ಲಿ ಒಂದು ಸಣ್ಣ ನೀರುಗುಳ್ಳೆ. ಬೇರೆ ಏನೂ ಕಾಣಲಿಲ್ಲ, ಹಾಗೇ ಬರೆಯುತ್ತಾರೆ. ಅವರ ಜಾಗದಲ್ಲಿ ಯಾರು ಕೂತಿದ್ದರೂ ಅದನ್ನೇ ಬರೆಯುತ್ತಿದ್ದರು. ಆಯಿ ಮಗಳ ತೋಳು ಹಿಡಿದು ಮನೆಗೆ ಹೋಗುತ್ತಾರೆ.

ಅದೇ ಚಿತ್ರ ಇನ್ನೊಂದು ಕಡೆಗೂ ಹೋಗಿದೆ.

ಅಲ್ಲಿರುವುದರ ಹೆಸರು ಪಾಂಡಾ. ಕರಡಿಯ ಹೆಸರಿಟ್ಟುಕೊಂಡ ಈ ಕೃತಕ ಬುದ್ಧಿಮತ್ತೆಯನ್ನು ಕಟ್ಟಿದ್ದು ಅಲಿಬಾಬಾ ಕಂಪನಿಯ ಸಂಶೋಧನಾ ಸಂಸ್ಥೆ, ದಾಮೋ ಅಕಾಡೆಮಿ. ಶಾಂಘೈಯ ಮೇದೋಜೀರಕ ರೋಗಗಳ ಸಂಸ್ಥೆಯೂ ಇನ್ನೂ ಹಲವು ಆಸ್ಪತ್ರೆಗಳ ವೈದ್ಯರೂ ಜೊತೆಗಿದ್ದರು. ದಾಮೋ ಎಂದರೆ ಚೀನೀಯರ ಬಾಯಲ್ಲಿ ಬೋಧಿಧರ್ಮ. ದಕ್ಷಿಣ ಭಾರತದಿಂದ ಹೊರಟು ಚೀನಾ ಸೇರಿ, ಗುಹೆಯ ಗೋಡೆಗೆ ಮುಖ ಮಾಡಿ ಒಂಬತ್ತು ವರ್ಷ ಕೂತ ಎಂದು ಐತಿಹ್ಯ ಹೇಳುವ ಅದೇ ಬೋಧಿಧರ್ಮ. ಬರಿಯ ಗೋಡೆಯನ್ನು ಅಷ್ಟು ಕಾಲ ನೋಡಿದವನ ಹೆಸರು ಹೊತ್ತ ಕಡೆಯಲ್ಲೇ ಬರಿಯ ಬೂದನ್ನು ನೋಡುವ ಯಂತ್ರ ಹುಟ್ಟಿತು ಎಂಬುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಮನುಷ್ಯರಿಗೇ ಕಾಣದ್ದನ್ನು ಯಂತ್ರಕ್ಕೆ ಕಲಿಸಿದವರು ಯಾರು, ಹೇಗೆ? ಈ ಪ್ರಶ್ನೆಯ ಹತ್ತಿರ ತುಸು ಹೊತ್ತು ನಿಲ್ಲಬೇಕು. ನನಗೆ ಇಡೀ ಕೆಲಸದಲ್ಲಿ ಅತಿ ಸೊಗಸೆನಿಸಿದ ಭಾಗ ಇದು.

ಶಾಂಘೈಯಲ್ಲಿ ಒಂದೇ ಸಲಕ್ಕೆ ಪ್ಲೇನ್ ಮತ್ತು ಕಾಂಟ್ರಾಸ್ಟ್ ಎರಡೂ ಸ್ಕ್ಯಾನ್ ಮಾಡಿಸಿಕೊಂಡ ಸಾವಿರಾರು ರೋಗಿಗಳ ಚಿತ್ರಗಳಿದ್ದವು. ಬಣ್ಣ ಹಾಯಿಸಿದ ಚಿತ್ರದಲ್ಲಿ ಗಂಟು ಕಾಣುತ್ತದೆ. ಅಲ್ಲಿ ಪಳಗಿದ ವೈದ್ಯರು ಅದರ ಅಂಚು ಹಿಡಿದು ಗೆರೆ ಎಳೆದರು. ಆಮೇಲೆ ಆ ಗೆರೆಯನ್ನು ಅದೇ ರೋಗಿಯ ಪ್ಲೇನ್ ಚಿತ್ರದ ಮೇಲೆ ಅದೇ ಜಾಗಕ್ಕೆ ಸರಿಯಾಗಿ ಕೂರಿಸಲಾಯಿತು. ಗಂಟು ಯಾವ ಜಾತಿಯದೆಂಬುದು ಆಪರೇಷನ್ ಆದ ಮೇಲೆ ಸೂಕ್ಷ್ಮದರ್ಶಕದಡಿ ಖಚಿತವಾಗಿತ್ತು. ಅಕ್ಷರಾಭ್ಯಾಸದ ದಿನ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಓಂಕಾರ ತಿದ್ದಿಸುತ್ತೇವಲ್ಲ, ಹಾಗೆ. ಮಗುವಿಗೆ ಅಲ್ಲಿ ಇನ್ನೂ ಅಕ್ಕಿಯಷ್ಟೇ ಕಾಣುತ್ತಿರುತ್ತದೆ. ಬೆರಳು ಹಿಡಿದವರಿಗೆ ಮಾತ್ರ ಅಕ್ಷರ ಗೊತ್ತು. ಹೀಗೆ 3,208 ಜನರ ಚಿತ್ರಗಳ ಮೇಲೆ ತಿದ್ದಿಸಿದರು.

ಈಗ ಆಯಿಯ ಚಿತ್ರ ಅದರ ಮುಂದಿದೆ. ಮೊದಲ ಹೆಜ್ಜೆಯಲ್ಲಿ ಅದು ಹೊಟ್ಟೆಯೊಳಗೆ ಮೇದೋಜೀರಕ ಎಲ್ಲಿದೆಯೆಂದು ಹುಡುಕಿ, ಆ ಭಾಗವನ್ನಷ್ಟೇ ಕತ್ತರಿಸಿ ತೆಗೆದುಕೊಳ್ಳುತ್ತದೆ. ಎರಡನೆಯ ಹೆಜ್ಜೆಯಲ್ಲಿ ಅದರೊಳಗೆ ಅಸಹಜವಾದದ್ದು ಏನಾದರೂ ಇದೆಯೇ ಎಂದು ನೋಡುತ್ತದೆ. ಇದ್ದರೆ ಮಾತ್ರ ಮೂರನೆಯದು: ಅದು ಎಂಥದ್ದು? ಕೆಟ್ಟ ಕ್ಯಾನ್ಸರೇ, ನೀರುಗುಳ್ಳೆಯೇ, ಹಳೆಯ ಉರಿಯೂತವೇ? ಎಂಟು ಬಗೆಯಾಗಿ ವಿಂಗಡಿಸುತ್ತದೆ.

ಅದರ ಕಣ್ಣಿಗೆ ಏನು ಬಿದ್ದಿತು ಎಂಬುದನ್ನು ಅದು ನಮ್ಮ ಮಾತಿನಲ್ಲಿ ಹೇಳಲಾರದು. ಆದರೆ ಇಂಥ ಗಂಟು ಸುತ್ತಲಿನ ಜಾಗವನ್ನು ಏನು ಮಾಡುತ್ತದೆಂದು ವೈದ್ಯರಿಗೆ ಗೊತ್ತು. ಹಾಗಲಕಾಯಿಯ ಉಬ್ಬುತಗ್ಗಿನ ಮೈಯಲ್ಲಿ ಒಂದು ಕಡೆ ಮಾತ್ರ ನುಣುಪಾಗುತ್ತದೆ, ಹೆಬ್ಬೆರಳಿನಿಂದ ಸವರಿಬಿಟ್ಟಂತೆ. ಗ್ರಂಥಿಯ ನಡುವೆ ಹರಿಯುವ ಸಣ್ಣ ನಾಳ ಗಂಟಿನ ಹತ್ತಿರ ಕಟ್ಟಿಕೊಂಡು, ಅದರ ಹಿಂದೆ ತುಸು ಅಗಲವಾಗುತ್ತದೆ. ನೀರು ಸಿಗದ ಗದ್ದೆಯ ಬಾಲದಂತೆ ಆಚೆಯ ಭಾಗ ಸೊರಗುತ್ತದೆ. ಒಂದೊಂದೂ ಕೂದಲೆಳೆಯಷ್ಟು. ಎಲ್ಲವನ್ನೂ ಒಟ್ಟಿಗೆ, ನೂರಾರು ಹೋಳುಗಳಲ್ಲಿ, ದಣಿವಿಲ್ಲದೆ ಕೂಡಿಸಿ ನೋಡುವುದು ಯಂತ್ರಕ್ಕೆ ಸಾಧ್ಯ.

ಪಾಂಡಾದ ಮೊದಲ ದೊಡ್ಡ ಪರೀಕ್ಷೆಯ ಫಲಿತಾಂಶ 2023ರ ನವೆಂಬರಿನಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. 10 ಕಡೆಗಳ 6,239 ಜನರ ಚಿತ್ರಗಳಲ್ಲಿ ಅದನ್ನು ಒರೆಗೆ ಹಚ್ಚಿದ್ದರು. ರೇಡಿಯಾಲಜಿಸ್ಟರಿಗೂ ಪ್ಲೇನ್ ಚಿತ್ರಗಳನ್ನೇ ಕೊಟ್ಟು ಹೋಲಿಸಿದಾಗ, ಇರುವ ಕ್ಯಾನ್ಸರನ್ನು ಹಿಡಿಯುವುದರಲ್ಲಿ ಅವರ ಸರಾಸರಿಗಿಂತ ಯಂತ್ರ ಶೇಕಡಾ 34.1ರಷ್ಟು ಮುಂದಿತ್ತು. ಕೊನೆಗೆ ಸಾಲಾಗಿ ಆಸ್ಪತ್ರೆಗೆ ಬಂದ 20,530 ಜನರನ್ನು ಆಯ್ದುಕೊಳ್ಳದೆ ಹಾಗೇ ಅದರ ಮುಂದಿಟ್ಟರು. ಮೇದೋಜೀರಕದಲ್ಲಿ ದೋಷವಿದ್ದ ನೂರರಲ್ಲಿ ಸುಮಾರು 93 ಜನರನ್ನು ಹಿಡಿಯಿತು. ದೋಷವಿಲ್ಲದ ಸಾವಿರ ಜನರಲ್ಲಿ ಒಬ್ಬರ ಬಗ್ಗೆಯಷ್ಟೇ ತಪ್ಪು ಗಂಟೆ ಬಾರಿಸಿತು.

ಇಲ್ಲಿಂದ ಸ್ವಲ್ಪ ಹೊತ್ತು ನಿಂಗ್ಬೋ ಬಿಟ್ಟು, ಭೂಮಿಯ ಆಚೆ ಬದಿಗೆ ಬನ್ನಿ. ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರ್, ಮೇಯೋ ಕ್ಲಿನಿಕ್. ಇಲ್ಲಿ ಅಜಿತ್ ಗೋಯೆಂಕಾ ಎಂಬ ರೇಡಿಯಾಲಜಿಸ್ಟ್ ಮತ್ತು ಅವರ ಜೊತೆಗಾರರು ಬೇರೆಯೇ ದಾರಿ ಹಿಡಿದರು. ಮೇದೋಜೀರಕದ ಕ್ಯಾನ್ಸರ್ ಪತ್ತೆಯಾದ 155 ಜನರ ಹಳೆಯ ಕಡತ ಬಿಚ್ಚಿದರು. ರೋಗ ಗೊತ್ತಾಗುವ ಮೂರು ತಿಂಗಳಿಂದ ಮೂರು ವರ್ಷ ಮೊದಲು, ಬೇರೆ ಯಾವುದೋ ಕಾರಣಕ್ಕೆ ಇವರೆಲ್ಲ ಸಿ.ಟಿ. ಮಾಡಿಸಿಕೊಂಡಿದ್ದರು. ಆಗ ಯಾರ ಕಣ್ಣಿಗೂ ಕ್ಯಾನ್ಸರ್ ಕಂಡಿರಲಿಲ್ಲ. ಆ ಹಳೆಯ ಚಿತ್ರಗಳನ್ನು ಯಂತ್ರಕ್ಕೆ ತೋರಿಸಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ರೋಗ ಗೊತ್ತಾಗುವ ಸುಮಾರು 386 ದಿನ ಮೊದಲಿನ ಚಿತ್ರಗಳಲ್ಲೇ ಅದು ಗ್ರಂಥಿಯ ಬದಲಾದ ನೇಯ್ಗೆಯನ್ನು ಗುರುತಿಸಿತು.

386 ದಿನ. ಒಂದು ಯುಗಾದಿ ಕಳೆದು ಇನ್ನೊಂದು ಯುಗಾದಿ ಬರುವಷ್ಟು ಕಾಲ. ಅಷ್ಟು ದಿನ ಆ ಸುದ್ದಿ ಕಡತದಲ್ಲಿತ್ತು, ಓದುವವರಿರಲಿಲ್ಲ. ನನಗೆ ಈ ಇಡೀ ವಿದ್ಯೆ ಮುಖ್ಯವೆನಿಸುವುದು ಈ ಕಾರಣಕ್ಕೆ. ಹೊಸ ಸ್ಕ್ಯಾನ್ ಬೇಕಿಲ್ಲ, ಹೊಸ ಯಂತ್ರ ಕೊಳ್ಳಬೇಕಿಲ್ಲ. ಕಿಡ್ನಿಕಲ್ಲಿಗೆಂದು, ಬಿದ್ದ ಪೆಟ್ಟಿಗೆಂದು, ಶ್ವಾಸಕೋಶ ನೋಡಲೆಂದು ಜನ ಈಗಾಗಲೇ ಮಲಗಿ ಎದ್ದ ಮೇಜುಗಳಿವೆ. ಆ ಚಿತ್ರಗಳ ಅಂಚಿನಲ್ಲಿ ಮೇದೋಜೀರಕವೂ ಬಿದ್ದಿರುತ್ತದೆ, ಯಾರೂ ಕೇಳದೆ.

ಹಾಗಾದರೆ ಎಲ್ಲರನ್ನೂ ಕರೆದು ಪರೀಕ್ಷಿಸಬಾರದೇ ಎಂದು ನೀವು ಕೇಳಬಹುದು. ಬೇಡ ಎಂದು ಅಮೆರಿಕದ ತಜ್ಞರ ಸಮಿತಿ 2019ರಲ್ಲೂ ಖಡಾಖಂಡಿತವಾಗಿ ಹೇಳಿತು. ಲಕ್ಷಣವೇ ಇಲ್ಲದವರಲ್ಲಿ ಈ ರೋಗ ಅಷ್ಟು ವಿರಳ. ಐವತ್ತು ದಾಟಿದ ಮೇಲೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದವರಲ್ಲಿ ಅಪಾಯ ಹೆಚ್ಚು ಎಂದು ಗೊತ್ತು. ಅವರಲ್ಲೂ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಕಾಣಿಸಿಕೊಳ್ಳುವುದು ನೂರಕ್ಕೆ ಸುಮಾರು ಒಬ್ಬರಿಗೆ. ಉಳಿದ ತೊಂಬತ್ತೊಂಬತ್ತು ಜನರನ್ನು ಹೆದರಿಸಿ, ಸೂಜಿ ಚುಚ್ಚಿ, ಕೆಲವರ ಹೊಟ್ಟೆಯನ್ನೂ ಕೊಯ್ದು ನೋಡುವುದು ಯಾವ ನ್ಯಾಯ?

ಆದರೂ ತಡವಾದರೆ ಏನಾಗುತ್ತದೆಂಬುದನ್ನು ಮರೆಯುವ ಹಾಗಿಲ್ಲ. ಚೀನಾದಲ್ಲಿ ಇದನ್ನು ಕ್ಯಾನ್ಸರುಗಳ ರಾಜ ಎಂದು ಕರೆಯುತ್ತಾರೆ. 2022ರ ಜಾಗತಿಕ ಅಂದಾಜಿನಂತೆ ಒಂದೇ ವರ್ಷದಲ್ಲಿ 5 ಲಕ್ಷಕ್ಕೂ ಹೆಚ್ಚು ಜನರಿಗೆ ಈ ರೋಗ ಬಂತು, 4 ಲಕ್ಷ 60 ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ಎರಡು ಅಂಕಿಗಳು ಎಷ್ಟು ಹತ್ತಿರವಿವೆ ನೋಡಿ. ಅಮೆರಿಕದ ಲೆಕ್ಕದಲ್ಲಿ ಐದು ವರ್ಷ ಬದುಕುವವರು ನೂರಕ್ಕೆ 13 ಜನ. ಗಂಟು ಇನ್ನೂ ಗ್ರಂಥಿಯೊಳಗೇ ಇದ್ದಾಗ ಸಿಕ್ಕಿದರೆ 44. ಈ 13ಕ್ಕೂ 44ಕ್ಕೂ ನಡುವೆ ಇರುವುದು ಬಹುಮಟ್ಟಿಗೆ ಕಾಲ.

ಮರಳಿ ನಿಂಗ್ಬೋ. ಬೆಳಿಗ್ಗೆ. ಮೇದೋಜೀರಕ ವಿಭಾಗದ ಕೋಣೆಯಲ್ಲಿ ಪರದೆಯ ಮೇಲೆ ಪಾಂಡಾದ ಪಟ್ಟಿ ತೆರೆದಿದೆ. ಝು ಕೆಲೆಯ್ ಮುಖ್ಯಸ್ಥರಾಗಿರುವ ಈ ವಿಭಾಗ 2024ರ ನವೆಂಬರಿನಿಂದ ಇದನ್ನು ಪ್ರಯೋಗವಾಗಿ ನಡೆಸುತ್ತಿದೆ. ಹೊಟ್ಟೆ, ಎದೆ ಯಾವುದರ ಸಿ.ಟಿ. ಆದರೂ ಸರಿ, ಒಮ್ಮೆ ಪಾಂಡಾದ ಮುಂದೆ ಹಾಯುತ್ತದೆ. 2026ರ ಮೊದಲ ದಿನಗಳಲ್ಲಿ ಹೊರಬಂದ ವರದಿಗಳಂತೆ, ಆ ಹೊತ್ತಿಗೆ 1 ಲಕ್ಷ 80 ಸಾವಿರಕ್ಕೂ ಹೆಚ್ಚು ಸ್ಕ್ಯಾನ್ ಹಾದುಹೋಗಿದ್ದವು. ಅದರಲ್ಲಿ ಯಂತ್ರ ಬೆರಳಿಟ್ಟದ್ದು ಸುಮಾರು 1,400. ವೈದ್ಯರು ಒಂದೊಂದನ್ನೂ ಕೂತು ನೋಡಿ, ಇವರನ್ನು ಮತ್ತೆ ಕರೆಯಲೇಬೇಕು ಎಂದು ನಿಶ್ಚಯಿಸಿದ್ದು ಸುಮಾರು 300. ಕೊನೆಗೆ ಮೇದೋಜೀರಕದ ಕ್ಯಾನ್ಸರ್ ಎಂದು ಸಿಕ್ಕಿದವು ಎರಡು ಡಜನ್ ಹತ್ತಿರ. ಅದರಲ್ಲಿ 14 ಇನ್ನೂ ಆರಂಭದ ಹಂತದವು.

ಈ ಅಂಕಿಗಳನ್ನು ಒಂದೊಂದಾಗಿ ಇಳಿಯಿರಿ, ಮೆಟ್ಟಿಲಿಳಿದಂತೆ. 1,400ರಿಂದ 300ಕ್ಕೆ ಇಳಿಯುವ ಮೆಟ್ಟಿಲಿನಲ್ಲಿ ಯಂತ್ರವಿಲ್ಲ, ಕಣ್ಣುಜ್ಜಿಕೊಂಡು ಕೂತ ಮನುಷ್ಯರಿದ್ದಾರೆ. ಅಲ್ಲಿ ತಡೆದು ನಿಲ್ಲಿಸಿದ 1,100 ಜನರಿಗೆ ತಮ್ಮ ಹೆಸರು ಒಂದು ಪಟ್ಟಿಗೆ ಬಂದು ಹೋದದ್ದೇ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. 300ರಿಂದ ಎರಡು ಡಜನ್ನಿಗೆ ಇಳಿಯುವ ಮೆಟ್ಟಿಲು ಇನ್ನೂ ಕಡಿದು. ಅಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಮನೆಗಳಲ್ಲಿ ಫೋನು ಬಂತು, ನಿದ್ದೆ ಹೋಯಿತು, ಮತ್ತೆ ಪರೀಕ್ಷೆಯಾಯಿತು. ಅವರ ಗ್ರಂಥಿಯಲ್ಲಿ ಸಿಕ್ಕಿದ್ದು ಈ ಕ್ಯಾನ್ಸರಲ್ಲ. ಆ ರಾತ್ರಿಗಳ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದೆ ಈ ವಿದ್ಯೆಯನ್ನು ಹೊಗಳಬಾರದು. ಇಂಥ ಪತ್ತೆಯಿಂದ ಒಟ್ಟು ಸಾವುಗಳು ಕಡಿಮೆಯಾಗುತ್ತವೆಂದು ತೋರಿಸಲು ವರ್ಷಗಟ್ಟಲೆ ಕಾದು ನೋಡುವ ಅಧ್ಯಯನಗಳು ಬೇಕು. 2025ರ ಏಪ್ರಿಲಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪಾಂಡಾಕ್ಕೆ ಕೊಟ್ಟದ್ದು ಕೂಡ ಬೇಗ ಪರಿಶೀಲಿಸುವ ಮನ್ನಣೆ, ಮಾರಾಟದ ಒಪ್ಪಿಗೆಯಲ್ಲ.

ಅಷ್ಟಾದರೂ ಆ 14ನ್ನು ನಾನು ದಾಟಿ ಹೋಗಲಾರೆ.

ವೈದ್ಯರು ಪಟ್ಟಿಯಲ್ಲಿ ಕೆಳಗಿಳಿಯುತ್ತಾರೆ. ಒಂದು ಹೆಸರು ಒತ್ತುತ್ತಾರೆ, ಆಯಿಯ ಬೂದು ಚಿತ್ರ ತೆರೆಯುತ್ತದೆ. ಗ್ರಂಥಿಯ ನಡುಭಾಗದಲ್ಲಿ ಯಂತ್ರ ಸಣ್ಣದೊಂದು ಜಾಗಕ್ಕೆ ಬಣ್ಣ ಬಳಿದಿದೆ. ವೈದ್ಯರು ಬಣ್ಣವನ್ನು ತೆಗೆದು ನೋಡುತ್ತಾರೆ, ಹಾಕಿ ನೋಡುತ್ತಾರೆ. ಮೇಲಿನ ಹೋಳಿಗೆ ಹೋಗುತ್ತಾರೆ, ಕೆಳಗಿನದಕ್ಕೆ ಬರುತ್ತಾರೆ. ಎರಡು ನಿಮಿಷ. ಅವರ ಬೆರಳು ಮೌಸಿನ ಮೇಲೆ ನಿಂತುಬಿಡುತ್ತದೆ. ಅವರಿಗೂ ಗಂಟು ಕಾಣುತ್ತಿಲ್ಲ. ಕಾಣುತ್ತಿರುವುದು ಬಾಲದ ಕಡೆಯ ನಾಳ, ಎಳೆಯಷ್ಟು ಅಗಲವಾಗಿ. ಇರಬಹುದು, ಇಲ್ಲದಿರಲೂಬಹುದು.

ಗಂಟು ಗ್ರಂಥಿಯ ತಲೆಯಲ್ಲಿದ್ದರೆ ಪಿತ್ತನಾಳವನ್ನು ಒತ್ತಿ ಕಣ್ಣು ಹಳದಿ ಮಾಡುತ್ತದೆ. ಜನ ಕಾಮಾಲೆ ಎಂದು ಓಡಿ ಬರುತ್ತಾರೆ. ನಡುವಿನಲ್ಲಿದ್ದರೆ ಆ ಸೂಚನೆಯೂ ಇಲ್ಲ. ಅದು ಬೆಳೆದು, ಹಿಂದಿನ ನರಗಳಿಗೆ ತಾಗಿ, ಬೆನ್ನು ಕೊರೆಯುವ ನೋವು ಬಂದಾಗಲೇ ಗೊತ್ತಾಗುವುದು. ಅಷ್ಟರಲ್ಲಿ ಸಾಮಾನ್ಯವಾಗಿ ಕತ್ತಿಯ ಕೈಮೀರಿರುತ್ತದೆ.

ವೈದ್ಯರು ಫೋನು ಎತ್ತಿಕೊಳ್ಳುತ್ತಾರೆ. ಒಮ್ಮೆ ರಿಂಗ್ ಆಗಿ ನಿಲ್ಲುತ್ತದೆ. ಮತ್ತೆ ಒತ್ತುತ್ತಾರೆ. ಆ ಕಡೆಯಿಂದ ಆಯಿಯದೇ ದನಿ, ಹಿಂದೆ ಬಾಣಲೆಯಲ್ಲಿ ಏನೋ ಚುರುಗುಡುವ ಸದ್ದು. ವೈದ್ಯರ ಹೆಸರು ಅವರು ಕೇಳಿದವರಲ್ಲ. ಮೊನ್ನೆಯ ಸ್ಕ್ಯಾನಿನಲ್ಲಿ ಒಂದು ಕಡೆ ಇನ್ನೊಮ್ಮೆ ನೋಡಬೇಕಿದೆ, ನಾಳೆ ಬರಲಾದೀತೇ, ಮಗಳೂ ಜೊತೆಗಿದ್ದರೆ ಒಳ್ಳೆಯದು ಎನ್ನುತ್ತಾರೆ. ಬೇರೇನೂ ಹೇಳುವುದಿಲ್ಲ. ಆ ಕಡೆ ಬಾಣಲೆಯ ಸದ್ದು ನಿಂತಿದೆ. ಒಲೆ ಆರಿಸಿರಬೇಕು.

ಮಾರನೆಯ ದಿನ ಅದೇ ಬಳೆ, ಅದೇ ಮೇಜು. ಈ ಸಲ ಮೊಣಕೈಯ ಒಳಗಡೆ ಸೂಜಿ ಇದೆ, ಅದರಿಂದ ಹೊರಟ ಕೊಳವೆ ಒಂದು ಪಂಪಿಗೆ ಸೇರಿದೆ. ಬಿಸಿ ಏರಿದಂತಾಗುತ್ತದೆ ಆಯೀ, ಹೆದರಬೇಡಿ ಎಂದು ಹುಡುಗ ಮೊದಲೇ ಹೇಳಿದ್ದಾನೆ. ಪಂಪು ಒತ್ತುತ್ತದೆ. ಅಯೋಡಿನ್ ಬೆರೆತ ದ್ರವ ರಕ್ತಕ್ಕೆ ನುಗ್ಗುತ್ತದೆ. ಗಂಟಲಿನಿಂದ ಕಿಬ್ಬೊಟ್ಟೆಯವರೆಗೆ ಬಿಸಿನೀರು ಇಳಿದಂತೆ, ನಾಲಿಗೆಯ ಮೇಲೆ ಲೋಹದ ರುಚಿ. ಗಾಜಿನ ಈಚೆ ಕಂಪ್ಯೂಟರು ಸೆಕೆಂಡು ಎಣಿಸುತ್ತಿದೆ. ಮೇದೋಜೀರಕಕ್ಕೆ ಬಣ್ಣ ತುಂಬಿ ಬರುವ ಹೊತ್ತು ಬಹಳ ಚಿಕ್ಕದು. ನಲವತ್ತು ಸೆಕೆಂಡಿನ ಆಚೀಚೆ.

"ಶೀ ಚೀ. ಬಿಯೇ ಚೀ."

ಈಗ ಪರದೆ ನೋಡಿ. ಮಹಾಪಧಮನಿ ಸುಣ್ಣದಷ್ಟು ಬೆಳ್ಳಗೆ. ಮೇದೋಜೀರಕಕ್ಕೆ ರಕ್ತದ ಹರಿವು ಹೇರಳ. ಆ ಬಣ್ಣವನ್ನೆಲ್ಲ ಕುಡಿದು ಅದು ಇಡಿಯಾಗಿ ಬೆಳಗುತ್ತಿದೆ, ಗಂಟುಗಂಟಾಗಿ, ತಲೆಯಿಂದ ಬಾಲದವರೆಗೆ. ಒಂದು ಜಾಗ ಬಿಟ್ಟು. ಈ ಕ್ಯಾನ್ಸರ್ ತನ್ನ ಸುತ್ತ ನಾರುನಾರಾದ ಗಟ್ಟಿ ಅಂಗಾಂಶ ಕಟ್ಟಿಕೊಳ್ಳುತ್ತದೆ, ಅದರಲ್ಲಿ ರಕ್ತನಾಳಗಳು ಕಡಿಮೆ. ಬಣ್ಣ ಅದರೊಳಕ್ಕೆ ಹೆಚ್ಚು ಹೋಗುವುದಿಲ್ಲ. ಬೆಳಕಿನ ನಡುವೆ ನೆನೆದ ಅವರೆಕಾಳಿನಷ್ಟು ಕಪ್ಪು.

ಈಗ ನಿಮಗೂ ಕಾಣುತ್ತಿದೆ.

ವೈದ್ಯರು ಸುತ್ತಲಿನ ರಕ್ತನಾಳಗಳನ್ನು ಒಂದೊಂದಾಗಿ ನೋಡುತ್ತಾರೆ. ಕರುಳಿನ ಅಪಧಮನಿ ಮುಟ್ಟಿಲ್ಲ. ಯಕೃತ್ತಿಗೆ ಹೋಗುವ ದೊಡ್ಡ ಅಭಿಧಮನಿ ಮುಟ್ಟಿಲ್ಲ. ಯಕೃತ್ತಿನಲ್ಲಿ ಚುಕ್ಕೆಗಳಿಲ್ಲ. ಗ್ರಂಥಿಯ ಎಡಭಾಗವನ್ನೂ ಗುಲ್ಮವನ್ನೂ ತೆಗೆದರೆ ಗಂಟು ಪೂರ್ತಿ ಬರುತ್ತದೆ. ಸೂಕ್ಷ್ಮದರ್ಶಕದ ಮಾತು ಇನ್ನೂ ಬರಬೇಕಿದೆ. ದೊಡ್ಡ ಆಪರೇಷನ್ನು, ಆಮೇಲೆ ತಿಂಗಳುಗಟ್ಟಲೆ ಕೀಮೋ ಇರಬಹುದು, ಸಕ್ಕರೆ ಕಾಯಿಲೆ ಬರಬಹುದು. ಆದರೆ ಕತ್ತಿಗೆ ಇನ್ನೂ ಜಾಗವಿದೆ.

ಅವರು ಎಡಗಡೆಯ ಪರದೆಯಲ್ಲಿ ಹಳೆಯ ಪ್ಲೇನ್ ಚಿತ್ರವನ್ನು ಮತ್ತೆ ತೆರೆಯುತ್ತಾರೆ. ಅದೇ ಹೋಳು, ಅದೇ ಜಾಗ, ಪಕ್ಕಪಕ್ಕದಲ್ಲಿ. ಎಲ್ಲಿ ನೋಡಬೇಕೆಂದು ಈಗ ನಿಮಗೆ ಗೊತ್ತು. ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ ನೋಡುತ್ತೀರಿ. ಬೂದು. ಅಂಚಿನಲ್ಲಿ ಒಂದಿಷ್ಟು ನುಣುಪೇ? ಇರಬಹುದು ಅನ್ನಿಸುತ್ತದೆ. ಇನ್ನೊಮ್ಮೆ ನೋಡಿದರೆ ಇಲ್ಲ.

ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಆಯಿ ಮೊಣಕೈ ಮಡಿಚಿ ಹತ್ತಿಯುಂಡೆ ಒತ್ತಿ ಹಿಡಿದಿದ್ದಾರೆ. ಬಣ್ಣ ಮೈಯಿಂದ ಹೋಗಲು ತುಂಬ ನೀರು ಕುಡಿಯಬೇಕೆಂದು ಹೇಳಿದ್ದಾರೆ. ಮಗಳು ಬಿಸಿನೀರಿನ ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಬಟ್ಟಲಿಗೆ ಬಗ್ಗಿಸಿ, ಆರಲೆಂದು ಊದುತ್ತಿದ್ದಾಳೆ. ವೈದ್ಯರು ಕುರ್ಚಿ ಹಿಂದಕ್ಕೆ ಸರಿಸಿ ಎದ್ದು, ಬಾಗಿಲ ಕಡೆಗೆ ನಡೆಯುತ್ತಾರೆ.